ಪೊಲೀಸ್, ಕೋರ್ಟು, ಜೈಲು: ಸರ್ಕಾರದ ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾನೂನು ನೆರವು ಶಿಬಿರಗಳಲ್ಲಿ ಮೇಜಿನ ಈಚೆ ಕೂತು ಜನರ ಮಾತು ಕೇಳುತ್ತಾ ಕೆಲವು ವರ್ಷ ಆಯಿತು. ಊರು ಬೇರೆ, ಮುಖ ಬೇರೆ, ಪ್ರಶ್ನೆಗಳು ಮಾತ್ರ ಅವೇ. ದುಡ್ಡು ಇದೆ, ಆದರೆ ಅದಕ್ಕೆ ಒಂದು ಹೆಸರಿದೆ, ಒಂದು ಕಿಟಕಿ ಇದೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಹೆಸರು ಹೇಳಿ ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಸಿಗುವುದಿಲ್ಲ. ಇದನ್ನು ನೋಡಿ ನೋಡಿ ಸಾಕಾಗಿ, ಶಿಬಿರದಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಬಂದ ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

"ಪೊಲೀಸರಿಗೆ ಸಂಬಳ ಕೊಡೋದು ದೆಹಲಿಯವರಾ, ಬೆಂಗಳೂರಿನವರಾ?"

ಬೆಂಗಳೂರಿನವರು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಮತ್ತು ಜೈಲು ಎರಡೂ ರಾಜ್ಯಪಟ್ಟಿಯಲ್ಲಿವೆ. ಕಾನ್‌ಸ್ಟೆಬಲ್ ಸಂಬಳ, ಠಾಣೆಯ ಕರೆಂಟ್ ಬಿಲ್, ಜೀಪಿನ ಡೀಸೆಲ್, ಜೈಲಿನ ಊಟ ಎಲ್ಲವೂ ರಾಜ್ಯದ ಖಜಾನೆಯಿಂದ. 2019ರಲ್ಲಿ ಪೊಲೀಸ್ ಅಧಿಕಾರಿ ಔರಾದ್ಕರ್ ಅವರ ಸಮಿತಿಯ ವರದಿ ಆಧಾರದ ಮೇಲೆ ಪೊಲೀಸರ ಸಂಬಳ ಏರಿದಾಗಲೂ ಹೊರೆ ಹೊತ್ತಿದ್ದು ರಾಜ್ಯವೇ.

ಕೇಂದ್ರ ಕೊಡುವುದು ಯೋಜನೆಗಳ ದುಡ್ಡು. ವೈರ್‌ಲೆಸ್, ಆಯುಧ, ಕಂಪ್ಯೂಟರ್, ಫೊರೆನ್ಸಿಕ್ ಲ್ಯಾಬ್, ವಿಶೇಷ ಕೋರ್ಟು, ಇಂಥವಕ್ಕೆ. ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ 1969-70ರಿಂದಲೇ ನಡೆಯುತ್ತಿದೆ. ಕೋರ್ಟಿನ ಲೆಕ್ಕ ಸ್ವಲ್ಪ ಬೇರೆ. 1976ರ 42ನೇ ತಿದ್ದುಪಡಿ ನ್ಯಾಯಾಡಳಿತವನ್ನು ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ ತಂದಿತು. ಆದರೂ ಕೆಳಹಂತದ ಕೋರ್ಟುಗಳ ಖರ್ಚಿನ ದೊಡ್ಡ ಪಾಲು ಇವತ್ತಿಗೂ ರಾಜ್ಯದ್ದೇ.

"ನಾವು ಕಟ್ಟೋ ಟ್ರಾಫಿಕ್ ಫೈನು ಪೊಲೀಸರಿಗೇ ಹೋಗುತ್ತಾ?"

ಇಲ್ಲ. ರಸೀದಿ ಹಾಕಿ ತೆಗೆದುಕೊಂಡ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಜಾಸ್ತಿ ಸೇರಿತು, ನೆನಪಿದೆಯಲ್ಲವೇ? ಅದೂ ಖಜಾನೆಗೇ ಹೋಯಿತು. ರಸೀದಿ ಇಲ್ಲದೆ ಕೊಟ್ಟಿದ್ದು ದಂಡ ಅಲ್ಲ.

"ಕಂಪ್ಲೇಂಟ್ ಕೊಡೋಕೆ ಹೋದ್ರೆ ಪೇಪರ್ ತನ್ನಿ, ಜೀಪಿಗೆ ಡೀಸೆಲ್ ಹಾಕಿಸಿ ಅಂತಾರೆ. ಕೊಡ್ಬೇಕಾ?"

ಕೊಡಬೇಕಾಗಿಲ್ಲ. ದೂರು ದಾಖಲಿಸಲು ಶುಲ್ಕವೇ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು.

ಒಮ್ಮೆ ಒಬ್ಬ ತಾಯಿ ಮಗಳ ದೂರಿಗಾಗಿ ಒಂದು ರಿಮ್ ಬಿಳಿ ಹಾಳೆ ತಂದುಕೊಟ್ಟು ಬಂದಿದ್ದರು. ಅವತ್ತಿನ ಕೂಲಿಯೂ ಹೋಯಿತು, ಹಾಳೆಯ ದುಡ್ಡೂ ಹೋಯಿತು. ಠಾಣೆಗೆ ಸಾದಿಲ್ವಾರು ಖರ್ಚಿನ ದುಡ್ಡು ತಡವಾಗಿ ಬರುತ್ತದೆ, ಸಾಲುವುದಿಲ್ಲ ಎಂದು ಸಿಬ್ಬಂದಿ ಹೇಳುವುದನ್ನೂ ಕೇಳಿದ್ದೇನೆ. ಅದು ನಿಜವೇ ಇರಬಹುದು. ಆದರೆ ಆ ಕೊರತೆ ತುಂಬಬೇಕಾದವರು ನೊಂದು ಬಂದವರಲ್ಲ. ಒತ್ತಾಯ ಮಾಡಿದರೆ ಎಸ್‌ಪಿ ಕಚೇರಿಗೆ ಲಿಖಿತ ದೂರು ಕೊಡಿ. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ.

## ನೊಂದವರ ಪ್ರಶ್ನೆಗಳು

"ನಿರ್ಭಯಾ ನಿಧಿ ಅಂತಾರಲ್ಲ, ಅದರಿಂದ ನಮಗೇನು ಬಂದಿದೆ?"

2012ರ ಡಿಸೆಂಬರ್ 16ರ ದೆಹಲಿಯ ಘಟನೆಯ ನಂತರ, 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯೊಂದಿಗೆ ಈ ನಿಧಿ ಶುರುವಾಯಿತು. ಇದಕ್ಕೊಂದು ವಿಶೇಷ ಇದೆ. ವರ್ಷದ ಕೊನೆಗೆ ಉಳಿದ ದುಡ್ಡು ಇಲ್ಲಿ ರದ್ದಾಗುವುದಿಲ್ಲ.

ನಿಮ್ಮ ಕಣ್ಣಿಗೆ ಬೀಳುವ ಹಲವು ಸಂಗತಿಗಳ ಹಿಂದೆ ಈ ನಿಧಿ ಇದೆ. 112 ತುರ್ತು ಸಂಖ್ಯೆ, 181 ಮಹಿಳಾ ಸಹಾಯವಾಣಿ, 'ಸಖಿ' ಒನ್ ಸ್ಟಾಪ್ ಸೆಂಟರ್, ಠಾಣೆಯೊಳಗಿನ ಮಹಿಳಾ ಸಹಾಯ ಮೇಜು, ಎಲ್ಲವೂ. ಸಹಾಯ ಮೇಜಿಗಾಗಿ ದೇಶದ 10,000 ಠಾಣೆಗಳಿಗೆ 100 ಕೋಟಿ ಇಟ್ಟಿದ್ದರು. ಅಂದರೆ ಠಾಣೆಗೆ ಒಂದು ಲಕ್ಷ. ಬೆಂಗಳೂರು ಸೇಫ್ ಸಿಟಿ ಯೋಜನೆ ಸುಮಾರು 667 ಕೋಟಿಯದು. ದೇಶದ ಎಂಟು ಮಹಾನಗರಗಳಿಗೆ ಇಂಥ ಯೋಜನೆ ಕೊಟ್ಟರು. ನಗರದ ತುಂಬ ಬಂದ ಸಾವಿರಾರು ಕ್ಯಾಮೆರಾ ಇದರವು.

ನನ್ನ ಅನಿಸಿಕೆ ಹೇಳುತ್ತೇನೆ. ಕ್ಯಾಮೆರಾಗೆ ದುಡ್ಡು ಬೇಗ ಖರ್ಚಾಗುತ್ತದೆ, ಏಕೆಂದರೆ ಟೆಂಡರ್ ಕರೆದರೆ ಕೆಲಸ ಮುಗಿಯಿತು. ಸಖಿ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆಯಬೇಕಾದ ಆಪ್ತಸಮಾಲೋಚಕಿಗೆ ತಿಂಗಳಿಗೆ ಸರಿಯಾಗಿ ಸಂಬಳ ಹಾಕುವುದು ಅದಕ್ಕಿಂತ ಕಷ್ಟದ ಕೆಲಸ, ಅದಕ್ಕಿಂತ ಮುಖ್ಯವಾದ ಕೆಲಸ. ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಮೊದಲು ಬೇಕಾಗುವುದು ಕೂತು ಕೇಳುವ ಒಬ್ಬರು ಮನುಷ್ಯರು.

"ಮಾಡಿದವನು ಯಾರು ಅಂತಲೇ ಗೊತ್ತಿಲ್ಲ. ಆದ್ರೂ ಪರಿಹಾರ ಸಿಗುತ್ತಾ?"

ಸಿಗುತ್ತದೆ. ಜನರಿಗೆ ಗೊತ್ತೇ ಇಲ್ಲದ ಮಾತು ಇದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನಮ್ಮ ಕಾನೂನಿನಲ್ಲಿ ಪರಿಹಾರ ಅಂದರೆ ಅಪರಾಧಿಯ ದಂಡದಿಂದ ಕೊಡಿಸುವುದು. ಅವನು ಸಿಗದಿದ್ದರೆ, ಅಥವಾ ಅವನೂ ಬಡವನಾಗಿದ್ದರೆ, ನೊಂದವರಿಗೆ ಕೈ ಖಾಲಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿ, ನೊಂದವರಿಗೆ ಪರಿಹಾರ ಕೊಡುವುದು ಸರ್ಕಾರದ ಹೊಣೆ, ಅದಕ್ಕೊಂದು ನಿಧಿ ಬೇಕು ಎಂದಿತು. ಆ ವರದಿಯ ಬೇರೆ ಶಿಫಾರಸುಗಳ ಬಗ್ಗೆ ತಕರಾರು ಇದೆ, ನನಗೂ ಇದೆ. ಆದರೆ ಈ ಮಾತಿಗಾಗಿ ಅವರನ್ನು ನೆನೆಯಬೇಕು.

ನಂತರ ದಂಡ ಪ್ರಕ್ರಿಯಾ ಸಂಹಿತೆಗೆ 357-ಎ ಕಲಂ ಸೇರಿತು. ಕರ್ನಾಟಕ 2011ರಲ್ಲಿ ತನ್ನ ಸಂತ್ರಸ್ತರ ಪರಿಹಾರ ಯೋಜನೆ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇದು 396ನೇ ಕಲಂ. ಅದರಲ್ಲಿ ಮೂರು ಸಂಗತಿ ಗಮನಿಸಿ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೀವೇ ನೇರವಾಗಿ ಅರ್ಜಿ ಹಾಕಬಹುದು. ಕೇಸು ಖುಲಾಸೆಯಾದರೂ, ನೊಂದವರಿಗೆ ನೆರವು ಬೇಕು ಅನ್ನಿಸಿದರೆ ಕೋರ್ಟು ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು.

ಅರ್ಜಿ ಕೊಡುವ ಕಿಟಕಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಹಿಡಿದುಕೊಂಡು ಹೋಗಿ. ಅರ್ಜಿ ಬರೆದುಕೊಡಲು ಅಲ್ಲೇ ಸ್ವಯಂಸೇವಕರಿರುತ್ತಾರೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

"ಎಷ್ಟು ಕೊಡ್ತಾರೆ? ಕೈಗೇ ಸಿಗುತ್ತಾ?"

ಮಹಿಳೆಯರ ವಿರುದ್ಧದ ಅಪರಾಧಗಳಿಗೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ಒಂದು ಯೋಜನೆ ಮಾಡಿತು. ಸುಪ್ರೀಂ ಕೋರ್ಟು ಅದನ್ನು ಎಲ್ಲ ರಾಜ್ಯಗಳಿಗೂ ಕನಿಷ್ಠ ಮಟ್ಟ ಎಂದು ನಿಗದಿ ಮಾಡಿದೆ. ಅದರಂತೆ ಅತ್ಯಾಚಾರಕ್ಕೆ 4 ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5 ರಿಂದ 10 ಲಕ್ಷ, ಆ್ಯಸಿಡ್ ದಾಳಿಯಿಂದ ಮುಖ ವಿರೂಪವಾದರೆ 7 ರಿಂದ 8 ಲಕ್ಷ. ಆ್ಯಸಿಡ್ ಪ್ರಕರಣದಲ್ಲಿ ವಿಷಯ ಗಮನಕ್ಕೆ ಬಂದ 15 ದಿನದೊಳಗೆ 1 ಲಕ್ಷ ಕೊಡಬೇಕು.

ಪೂರ್ತಿ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಶೇ. 75ರಷ್ಟನ್ನು ಕನಿಷ್ಠ ಮೂರು ವರ್ಷ ಠೇವಣಿ ಇಡುತ್ತಾರೆ, ಉಳಿದ ಶೇ. 25 ತಕ್ಷಣದ ಖರ್ಚಿಗೆ. ಓದು, ಚಿಕಿತ್ಸೆಗೆ ಬೇಕಾದರೆ ಠೇವಣಿಯಿಂದಲೂ ತೆಗೆಯಲು ಕೇಳಬಹುದು. "ನಮ್ಮ ದುಡ್ಡನ್ನು ಯಾಕೆ ಕಟ್ಟಿಹಾಕ್ತೀರಿ" ಎಂದು ಜಗಳ ಆಡಿದವರಿದ್ದಾರೆ. ಮೊದಲು ನನಗೂ ಹಾಗೇ ಅನ್ನಿಸಿತ್ತು. ಆಮೇಲೆ, ದುಡ್ಡು ಬಂತು ಅಂತ ಗೊತ್ತಾದ ವಾರದಲ್ಲೇ ನೆಂಟರೆಲ್ಲ ಸಾಲ ಕೇಳಲು ಬಂದ ಮನೆ ನೋಡಿದೆ. ಠೇವಣಿ ಆ ಹುಡುಗಿಯನ್ನು ಕಾಪಾಡಿತು.

ಅರ್ಜಿ ಹಾಕಲು ಮೂರು ವರ್ಷ ಗಡುವು. ತಡವಾಗಿದ್ದರೆ ಕಾರಣ ಹೇಳಿ ಹಾಕಿ, ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆ್ಯಸಿಡ್ ದಾಳಿ, ಅತ್ಯಾಚಾರದ ಸಂತ್ರಸ್ತರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು. ಇದು ಪರಿಹಾರದ ಮೊತ್ತಕ್ಕೆ ಸಂಬಂಧವಿಲ್ಲದ ಹಕ್ಕು.

"ಮಗುವಿನ ಕೇಸು. ಕೋರ್ಟು ಮುಗಿಯೋವರೆಗೂ ಕಾಯ್ಬೇಕಾ?"

ಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಗೆ ಪೋಕ್ಸೊ ಅನ್ನುತ್ತಾರೆ. 2020ರ ಪೋಕ್ಸೊ ನಿಯಮಗಳಲ್ಲಿ ಎರಡು ದಾರಿ ಇವೆ. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ವಾರದೊಳಗೆ ದುಡ್ಡು ಕೊಡಬೇಕು. ಎರಡನೆಯದು, ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ಕೋರ್ಟು ಮಧ್ಯಂತರ ಪರಿಹಾರ ಕೊಡಿಸಬಹುದು. ಕೇಳಿಕೊಳ್ಳಿ, ಸುಮ್ನೆ ಕಾಯಬೇಡಿ.

"ಜಾತಿ ಹೆಸರಲ್ಲಿ ಹೊಡೆದ್ರು. ಇದಕ್ಕೆ ಬೇರೆ ಪರಿಹಾರ ಇದೆ ಅಂತಾರೆ, ಹೌದಾ?"

ಹೌದು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು. ಅದರ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಗಿ ಪರಿಹಾರ 85,000 ರೂಪಾಯಿಯಿಂದ 8.25 ಲಕ್ಷದವರೆಗೆ ಇದೆ. ಈ ದುಡ್ಡು ಸಮಾಜ ಕಲ್ಯಾಣ ಇಲಾಖೆ ಮೂಲಕ ಬರುತ್ತದೆ. ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು.

ಹಂತ ಹಂತವಾಗಿ ಕೊಡುತ್ತಾರೆ. ಉದಾಹರಣೆಗೆ ಜಾತಿ ನಿಂದನೆಗೆ ಎಫ್‌ಐಆರ್ ಹಂತದಲ್ಲಿ ಶೇ. 25, ಚಾರ್ಜ್‌ಶೀಟ್ ಹಂತದಲ್ಲಿ ಶೇ. 50, ಶಿಕ್ಷೆಯಾದ ಮೇಲೆ ಉಳಿದದ್ದು. ಕೊಲೆಯಾದರೆ ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ಚಾರ್ಜ್‌ಶೀಟ್ ಆದಾಗ ಇನ್ನರ್ಧ. ಮೊದಲ ಕಂತು ಬಾರದೆ ಇದ್ದರೆ ತಾಲ್ಲೂಕು ಸಮಾಜ ಕಲ್ಯಾಣ ಕಚೇರಿಗೆ ಹೋಗಿ ಕಡತ ಎಲ್ಲಿದೆ ಅಂತ ಕೇಳಿ, ಲಿಖಿತವಾಗಿ ಕೇಳಿ.

"ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಸರ್ಕಾರಿ ವಕೀಲರು ಸರಿಯಾಗಿ ನೋಡ್ತಾರಾ?"

ಉಚಿತ ವಕೀಲರನ್ನು ಪಡೆಯುವುದು ಹಕ್ಕು. ಸಂವಿಧಾನದ 39-ಎ ವಿಧಿ, ಅದರ ಮೇಲೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟಿದ್ದರೂ ಸಿಗುತ್ತದೆ. "ಗಂಡ ದುಡೀತಾನಲ್ಲ, ನಿಮಗೆ ಬರಲ್ಲ" ಎಂದು ಯಾರಾದರೂ ವಾಪಸ್ ಕಳಿಸಿದರೆ ಅದು ತಪ್ಪು. ಸಹಾಯವಾಣಿ 15100.

ಸರಿಯಾಗಿ ನೋಡುತ್ತಾರಾ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಹಿಂದೆ ಖಾಸಗಿ ವಕೀಲರಿಗೆ ಒಂದೊಂದು ಕೇಸು ಹಂಚಿ ಸಣ್ಣ ಫೀಸು ಕೊಡುತ್ತಿದ್ದರು. ಮನಸ್ಸಿಟ್ಟು ಮಾಡಿದವರೂ ಇದ್ದರು, ದಿನಾಂಕ ತೆಗೆದುಕೊಂಡೇ ಮುಗಿಸಿದವರೂ ಇದ್ದರು. 2022ರಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ, ಕ್ರಿಮಿನಲ್ ಕೇಸಿನ ಆರೋಪಿಗಳ ಪರ ವಾದಿಸಲೆಂದೇ ಪೂರ್ಣಾವಧಿ ವಕೀಲರನ್ನು ತಿಂಗಳ ಗೌರವಧನದ ಮೇಲೆ ನೇಮಿಸಿದ್ದಾರೆ. ಅವರು ಬೇರೆ ಪ್ರ್ಯಾಕ್ಟೀಸ್ ಮಾಡುವಂತಿಲ್ಲ. ನಾನು ಕಂಡಂತೆ ಇದರಿಂದ ಒಳ್ಳೆಯದಾಗಿದೆ. ನಿಮಗೆ ಕೊಟ್ಟ ವಕೀಲರು ಬರದಿದ್ದರೆ ಬದಲಿಸಿಕೊಡಿ ಎಂದು ಪ್ರಾಧಿಕಾರದ ಕಾರ್ಯದರ್ಶಿಗೆ ಅರ್ಜಿ ಕೊಡಿ.

"ಸಾಕ್ಷಿ ಹೇಳೋಕೆ ಕೋರ್ಟಿಗೆ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತೆ. ಯಾರು ಕೊಡ್ತಾರೆ?"

ಬತ್ತಾ ಕೇಳಿ. ಸಾಕ್ಷಿಯ ಓಡಾಟದ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ಕ್ರಿಮಿನಲ್ ಕೋರ್ಟಿಗಿದೆ. ಸಣ್ಣ ಮೊತ್ತ, ಆದರೆ ನಿಮ್ಮದು. ಸಾಕ್ಷಿ ಮುಗಿದ ತಕ್ಷಣ ಬಸ್ ಟಿಕೆಟ್ ತೋರಿಸಿ ಕೇಳಬೇಕು.

ಬೆದರಿಕೆ ಇದ್ದರೆ ಅದು ಬೇರೆ ವಿಷಯ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಎಲ್ಲ ರಾಜ್ಯಗಳೂ ಪಾಲಿಸಬೇಕು ಎಂದಿತು. ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಟ್ಟರೆ, ಡಿವೈಎಸ್‌ಪಿ ಮಟ್ಟದ ಅಧಿಕಾರಿ ಐದು ಕೆಲಸದ ದಿನಗಳಲ್ಲಿ ಬೆದರಿಕೆ ಎಷ್ಟಿದೆ ಎಂದು ವರದಿ ಕೊಡಬೇಕು.

"ಫೋನಲ್ಲಿ ಓಟಿಪಿ ಹೇಳಿ ದುಡ್ಡು ಹೋಯ್ತು. ಸರ್ಕಾರ ಕೊಡುತ್ತಾ?"

ಸರ್ಕಾರ ತನ್ನ ಕೈಯಿಂದ ಕೊಡುವುದಿಲ್ಲ. ಸರ್ಕಾರ ದುಡ್ಡು ಹಾಕಿರುವುದು ಹೋದ ಹಣವನ್ನು ದಾರಿಯಲ್ಲೇ ತಡೆಯುವ ವ್ಯವಸ್ಥೆಗೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೆಳಗಾಗಲಿ, ಮಗ ಬರಲಿ ಎಂದು ಕಾಯಬೇಡಿ.

## ಜೈಲಿನ ಬಗ್ಗೆ

"ತಮ್ಮನಿಗೆ ಬೇಲ್ ಆಗಿದೆ. ಕಟ್ಟೋಕೆ ದುಡ್ಡಿಲ್ಲ ಅಂತ ಒಳಗೇ ಇದ್ದಾನೆ. ಏನ್ ಮಾಡೋದು?"

ಈ ಪ್ರಶ್ನೆ ಕೇಳಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ. ಬಿಡುಗಡೆ ಮಾಡಿ ಎಂದು ನ್ಯಾಯಾಧೀಶರೇ ಹೇಳಿ ಆಗಿದೆ. ಆದರೂ ಬಡತನ ಬೀಗ ಹಾಕಿಕೊಂಡು ಕೂತಿದೆ.

2023-24ರ ಕೇಂದ್ರ ಬಜೆಟ್‌ನಲ್ಲಿ ಬಡ ಕೈದಿಗಳಿಗೆ ನೆರವಿನ ಯೋಜನೆ ಬಂತು. ವರ್ಷಕ್ಕೆ 20 ಕೋಟಿ. ಅದರ 2023ರ ಮಾರ್ಗಸೂಚಿಯಂತೆ, ವಿಚಾರಣಾಧೀನ ಕೈದಿಗೆ ಜಾಮೀನಿನ ಠೇವಣಿಯಾಗಿ 40,000 ರೂಪಾಯಿವರೆಗೆ, ಶಿಕ್ಷೆ ಮುಗಿಸಿಯೂ ದಂಡ ಕಟ್ಟಲಾಗದವರಿಗೆ 25,000 ರೂಪಾಯಿವರೆಗೆ ಸರ್ಕಾರ ಕಟ್ಟುತ್ತದೆ. ಜಾಮೀನು ಆದೇಶವಾಗಿ ಏಳು ದಿನವಾದರೂ ಹೊರಬರದಿದ್ದರೆ ಜೈಲಿನವರೇ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಜಿಲ್ಲಾಧಿಕಾರಿ, ಎಸ್‌ಪಿ, ಜೈಲು ಅಧೀಕ್ಷಕರು, ಒಬ್ಬ ನ್ಯಾಯಾಧೀಶರು, ಪ್ರಾಧಿಕಾರದ ಕಾರ್ಯದರ್ಶಿ ಇರುವ ಸಮಿತಿ ತೀರ್ಮಾನ ಮಾಡುತ್ತದೆ. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಮಾದಕ ವಸ್ತು, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸುಗಳಿಗೆ ಇದು ಇಲ್ಲ.

ಜೈಲಿನವರು ತಾವಾಗಿಯೇ ತಿಳಿಸುತ್ತಾರೆ ಎಂದು ನಂಬಿ ಕೂರಬೇಡಿ. ನೀವೇ ಪ್ರಾಧಿಕಾರಕ್ಕೆ ಹೋಗಿ, ಜಾಮೀನು ಆದೇಶದ ಪ್ರತಿ ಕೊಟ್ಟು, ಯೋಜನೆಯ ಹೆಸರು ಹೇಳಿ ಕೇಳಿ. ಷರತ್ತು ಸಡಿಲಿಸಿ ಎಂದು ಕೋರ್ಟಿಗೂ ಅರ್ಜಿ ಹಾಕಿಸಿ. ಇನ್ನೊಂದು ಮಾತು. ಮೊದಲ ಸಲ ಆರೋಪಿಯಾದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಹೊಸ ಸಂಹಿತೆಯ 479ನೇ ಕಲಂ ಅವರ ಬಿಡುಗಡೆಗೆ ದಾರಿ ಮಾಡುತ್ತದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸು ಮತ್ತು ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಅನ್ವಯಿಸುವುದಿಲ್ಲ.

"ತಪ್ಪು ಮಾಡಿದವರಿಗೆ ನಮ್ಮ ತೆರಿಗೆ ದುಡ್ಡು ಯಾಕೆ?"

ಜೈಲಿನಲ್ಲಿರುವವರಲ್ಲಿ ಜಾಸ್ತಿ ಜನ ವಿಚಾರಣಾಧೀನರು, ತಪ್ಪು ಮಾಡಿದ್ದಾರೆ ಎಂದು ಇನ್ನೂ ಸಾಬೀತಾಗಿಲ್ಲದವರು. ಜೊತೆಗೆ ದುಡ್ಡಿನ ಲೆಕ್ಕವನ್ನೇ ನೋಡಿ. ಒಬ್ಬರನ್ನು ಒಳಗಿಟ್ಟರೆ ಊಟ, ಔಷಧಿ, ಕಾವಲು, ಕೋರ್ಟಿಗೆ ಕರೆತರುವ ವ್ಯಾನು, ಎಲ್ಲದಕ್ಕೂ ನಾವೇ ಕಟ್ಟುತ್ತೇವೆ. ಠೇವಣಿ ಕಟ್ಟಿ ಹೊರಗೆ ಬಿಟ್ಟರೆ ಅವನು ದುಡಿದು ಮನೆ ನಡೆಸುತ್ತಾನೆ. ಕೇಸು ಮುಗಿದ ಮೇಲೆ ಆ ಠೇವಣಿ ಸರ್ಕಾರದ ಖಾತೆಗೆ ವಾಪಸ್ ಬರುತ್ತದೆ.

## ಸ್ವಲ್ಪ ಆಳದ ಪ್ರಶ್ನೆಗಳು

"ಕೋಟಿ ಕೋಟಿ ಘೋಷಿಸ್ತಾರೆ, ಖರ್ಚಾಗದೆ ಉಳಿದಿದೆ ಅಂತಲೂ ಪೇಪರಲ್ಲಿ ಬರುತ್ತೆ. ಯಾಕೆ?"

ದುಡ್ಡು ನಡೆಯುವ ದಾರಿ ನೋಡಿದರೆ ಅರ್ಥವಾಗುತ್ತದೆ. ಪೊಲೀಸ್ ಆಧುನೀಕರಣದ ದೊಡ್ಡ ಯೋಜನೆಗೆ 2021-22ರಿಂದ 2025-26ರವರೆಗೆ 26,275 ಕೋಟಿ ಎಂದು ಕೇಂದ್ರ ಒಪ್ಪಿಗೆ ಕೊಟ್ಟಿತು. ಇದನ್ನು ಕೇಳಿದರೆ ಎಲ್ಲ ನಮ್ಮ ಠಾಣೆಗೇ ಬಂತು ಅನ್ನಿಸುತ್ತದೆ. ಆದರೆ ಇದರಲ್ಲಿ ರಾಜ್ಯ ಪೊಲೀಸ್ ಪಡೆಗಳ ಆಧುನೀಕರಣದ ಭಾಗ 4,846 ಕೋಟಿ, ಅದೂ ಐದು ವರ್ಷಕ್ಕೆ, ಎಲ್ಲ ರಾಜ್ಯಗಳಿಗೂ ಸೇರಿ. ದೊಡ್ಡ ಪಾಲು ಜಮ್ಮು-ಕಾಶ್ಮೀರ, ಈಶಾನ್ಯ ಮತ್ತು ನಕ್ಸಲ್ ಪ್ರದೇಶಗಳ ಭದ್ರತೆಗೆ.

ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಕೇಂದ್ರ 60 ಕೊಟ್ಟರೆ ನಮ್ಮಂಥ ರಾಜ್ಯಗಳು 40 ಹಾಕಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಬೇಕು, ಟೆಂಡರ್ ಆಗಬೇಕು, ಹಿಂದಿನ ಕಂತು ಖರ್ಚಾಗಿದೆ ಎಂಬ ಬಳಕೆ ಪ್ರಮಾಣಪತ್ರ ಕಳಿಸಬೇಕು. ಆಮೇಲೆ ಮುಂದಿನ ಕಂತು. ಒಂದು ಕಡತ ನಿಂತರೆ ಇಡೀ ಸರಪಳಿ ನಿಲ್ಲುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಎಷ್ಟೋ ಸಲ ಪೂಜಾರಿಯ ಕೈಗೂ ಪ್ರಸಾದ ಬಂದಿರುವುದಿಲ್ಲ.

ಇನ್ನೊಂದು ಕಾರಣ ಇದೆ. ಕೇಂದ್ರದ ದುಡ್ಡು ಯಂತ್ರಕ್ಕೆ ಬರುತ್ತದೆ, ಯಂತ್ರ ನಡೆಸುವ ಮನುಷ್ಯರನ್ನು ರಾಜ್ಯ ನೇಮಿಸಬೇಕು. ನೇಮಕ ಆಗದಿದ್ದರೆ ಯಂತ್ರ ಪ್ಲಾಸ್ಟಿಕ್ ಹೊದ್ದು ಮಲಗುತ್ತದೆ.

"ಫಾಸ್ಟ್ ಟ್ರ್ಯಾಕ್ ಕೋರ್ಟು ನಿಜವಾಗಲೂ ಫಾಸ್ಟಾ?"

2019ರ ಅಕ್ಟೋಬರ್‌ನಲ್ಲಿ ಶುರುವಾದ ಯೋಜನೆ, ಅತ್ಯಾಚಾರ ಮತ್ತು ಪೋಕ್ಸೊ ಕೇಸುಗಳಿಗೆ 1,023 ವಿಶೇಷ ಕೋರ್ಟು ಎಂದು ಲೆಕ್ಕ ಹಾಕಿತು. ಅದರಲ್ಲಿ 389 ಪೋಕ್ಸೊಗೇ ಮೀಸಲು. 2026ರ ಮಾರ್ಚ್‌ವರೆಗೆ ಮುಂದುವರಿಸಲು 2023ರ ನವೆಂಬರ್‌ನಲ್ಲಿ 1,952.23 ಕೋಟಿಗೆ ಒಪ್ಪಿಗೆ ಸಿಕ್ಕಿತು. ಕೇಂದ್ರದ ಪಾಲು ನಿರ್ಭಯಾ ನಿಧಿಯಿಂದ. ಒಂದು ಕೋರ್ಟು ಅಂದರೆ ಒಬ್ಬ ನ್ಯಾಯಾಧೀಶರು, ಏಳು ಸಿಬ್ಬಂದಿ. ವರ್ಷಕ್ಕೆ ಕನಿಷ್ಠ 165 ಕೇಸು ಮುಗಿಸಬೇಕು ಎಂಬುದು ಗುರಿ.

ಮಾಮೂಲಿ ಕೋರ್ಟಿಗಿಂತ ಬೇಗ, ಹೌದು. ಆದರೆ ಲ್ಯಾಬ್ ವರದಿ ಬರುವವರೆಗೆ ಯಾವ ಕೋರ್ಟೂ ಓಡಲಾರದು. ಹೊಸ ಸಂಹಿತೆಯ 176ನೇ ಕಲಂ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರೇ ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ಅಷ್ಟು ತಜ್ಞರು ಎಲ್ಲಿಂದ ಬರಬೇಕು? 2024ರ ಜೂನ್‌ನಲ್ಲಿ ಕೇಂದ್ರ 2,254.43 ಕೋಟಿಯ ಫೊರೆನ್ಸಿಕ್ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ನಮ್ಮ ಧಾರವಾಡದಲ್ಲೇ ಇದೆ. ಬಿಎಸ್ಸಿ ಓದುತ್ತಿರುವ ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ.

"ನಮ್ಮ ಸಂಘಕ್ಕೆ ಅನುದಾನ ಸಿಗುತ್ತಾ?"

ಸಿಗುತ್ತದೆ, ಆದರೆ ಪೊಲೀಸ್ ಇಲಾಖೆಯಿಂದ ಅಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಬಾಗಿಲು ತಟ್ಟಿ. ನೊಂದ ಮಹಿಳೆಯರ ನೆರವಿಗೆಂದು 2000-01ರಲ್ಲಿ ರಾಜ್ಯ ಶುರುಮಾಡಿದ ಸಾಂತ್ವನ ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳೇ ನಡೆಸಿಕೊಂಡು ಬಂದವು. ಸಂಘದ ನೋಂದಣಿ ಮತ್ತು ಮೂರು ವರ್ಷದ ಆಡಿಟ್ ವರದಿ ಸಿದ್ಧ ಇಟ್ಟುಕೊಂಡೇ ಹೋಗಿ. ಅನುದಾನ ತಡವಾಗಿ ಬರುವುದು ಮಾಮೂಲು. ಆರು ತಿಂಗಳ ಸಂಬಳ ಕೈಯಿಂದ ಹಾಕುವ ಶಕ್ತಿ ಇದೆಯೇ ಎಂದು ಮೊದಲೇ ಯೋಚಿಸಿ.

"ನಮ್ಮ ಠಾಣೆಗೆ, ನಮ್ಮ ಜಿಲ್ಲೆಗೆ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ತಿಳಿಯೋದು ಹೇಗೆ?"

ರಾಜ್ಯ ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿವೆ. ಅವುಗಳಲ್ಲಿ ಲೆಕ್ಕ ಶೀರ್ಷಿಕೆ ಹುಡುಕಿ. 2055 ಪೊಲೀಸ್, 2056 ಜೈಲು, 2014 ನ್ಯಾಯಾಡಳಿತ, 4055 ಪೊಲೀಸ್ ಕಟ್ಟಡದಂಥ ಬಂಡವಾಳ ವೆಚ್ಚ. ಅಂದಾಜು, ಪರಿಷ್ಕೃತ ಅಂದಾಜು, ಎರಡು ವರ್ಷ ಹಿಂದಿನ ನಿಜವಾದ ಖರ್ಚು ಪಕ್ಕಪಕ್ಕದಲ್ಲೇ ಇರುತ್ತವೆ. ಮೂರನ್ನೂ ಹೋಲಿಸಿ ನೋಡಿ.

ಜಿಲ್ಲೆಯ ವಿವರಕ್ಕೆ ಮಾಹಿತಿ ಹಕ್ಕು ಅರ್ಜಿ ಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಎಷ್ಟೋ ಅರ್ಜಿಗಳು ತಿರಸ್ಕಾರವಾಗುವುದು ಇದರಿಂದಲೇ. "ಪೊಲೀಸ್ ಇಲಾಖೆಯ ಖರ್ಚಿನ ವಿವರ ಕೊಡಿ" ಎಂದು ಬರೆಯಬೇಡಿ. "ಇಂಥ ಆರ್ಥಿಕ ವರ್ಷದಲ್ಲಿ, ಸಂತ್ರಸ್ತರ ಪರಿಹಾರ ಯೋಜನೆಯಡಿ ನಮ್ಮ ಜಿಲ್ಲಾ ಪ್ರಾಧಿಕಾರಕ್ಕೆ ಬಂದ ಅರ್ಜಿಗಳ ಸಂಖ್ಯೆ, ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ, ಬಾಕಿ ಮೊತ್ತ" ಎಂದು ಬರೆಯಿರಿ. ಮಂಜೂರು ಮತ್ತು ಪಾವತಿ ಎರಡನ್ನೂ ಬೇರೆ ಬೇರೆ ಕೇಳುವುದನ್ನು ಮರೆಯಬೇಡಿ. ಆದೇಶವಾಗಿಯೂ ದುಡ್ಡು ತಲುಪದ ಮನೆಗಳು ಆ ಎರಡು ಅಂಕಿಗಳ ನಡುವೆ ಇರುತ್ತವೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕಾಗಿ ಸ್ಪೀಡ್ ಪೋಸ್ಟಿನ ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿ ಇಟ್ಟುಕೊಂಡಿರಿ.